ಯಂತ್ರಕ್ಕೆ ಆದೇಶ ಕೊಟ್ಟವರ‍್ಯಾರು? ಮಾಡ್‌ಬಸ್ ಹೆಡರ್‌ನಲ್ಲಿ ಇಲ್ಲದ ಉತ್ತರ

ಕಾರ್ಖಾನೆಯ ಎನರ್ಜಿ ಮೀಟರ್, ಪಂಪ್‌ಹೌಸ್‌ನ ಮೋಟಾರ್ ಡ್ರೈವ್, ಸೋಲಾರ್ ಇನ್ವರ್ಟರ್ ಇವೆಲ್ಲ ಕಂಟ್ರೋಲ್ ರೂಮಿನ ಕಂಪ್ಯೂಟರ್ ಜೊತೆ ಮಾತಾಡುತ್ತವೆ. ಬಹಳ ಕಡೆ ಆ ಮಾತಿನ ಭಾಷೆ ಮಾಡ್‌ಬಸ್. 1979ರಲ್ಲಿ ಅಮೆರಿಕದ ಮಾಡಿಕಾನ್ ಕಂಪನಿ ತಂದ ಈ ಪ್ರೋಟೊಕಾಲ್ ಇವತ್ತಿಗೂ ಚಾಲ್ತಿಯಲ್ಲಿದೆ.

ಏನಿದು ಹೆಡರ್?

ಅಂಚೆ ಕವರಿನ ಮೇಲೆ ವಿಳಾಸ ಇದ್ದ ಹಾಗೆ, ಪ್ರತಿ ಸಂದೇಶದ ಮುಂದೆ ಇರುವ ಮಾಹಿತಿಯೇ ಹೆಡರ್. ನೆಟ್‌ವರ್ಕ್ ಕೇಬಲ್‌ನಲ್ಲಿ ಹೋಗುವ ಮಾಡ್‌ಬಸ್ ಟಿಸಿಪಿಯಲ್ಲಿ ಇದು ಬರೀ 7 ಬೈಟ್.

* ಮೊದಲ 2 ಬೈಟ್: ಸಂದೇಶದ ಕ್ರಮಸಂಖ್ಯೆ. ಯಾವ ಪ್ರಶ್ನೆಗೆ ಯಾವ ಉತ್ತರ ಅಂತ ಗೊತ್ತಾಗೋದು ಇದರಿಂದ.
* ನಂತರದ 2: ಪ್ರೋಟೊಕಾಲ್ ಸಂಖ್ಯೆ. ಮಾಡ್‌ಬಸ್‌ಗೆ ಯಾವಾಗಲೂ 0.
* ಮುಂದಿನ 2: ಇನ್ನೆಷ್ಟು ಬೈಟ್ ಬಾಕಿ ಇದೆ ಎಂಬ ಲೆಕ್ಕ.
* ಕೊನೆಯ 1: ಯಾವ ಉಪಕರಣಕ್ಕೆ ಎಂಬ ಯೂನಿಟ್ ನಂಬರ್.

ಹೆಡರ್ ಮುಗಿದ ಮೇಲೆ ಕೆಲಸದ ಕೋಡ್ ಬರುತ್ತದೆ. 3 ಅಂದ್ರೆ 'ರೀಡಿಂಗ್ ಕೊಡು', 6 ಅಂದ್ರೆ 'ಈ ಬೆಲೆ ಬರೆದುಕೋ'.

ಹಳೆಯ ಎರಡು ವೈರಿನ ಆರ್‌ಎಸ್-485 ಲೈನ್‌ನಲ್ಲಿ ಇಷ್ಟೂ ಇಲ್ಲ. 1 ಬೈಟ್ ವಿಳಾಸ, ಕೆಲಸದ ಕೋಡ್, ಮಾಹಿತಿ, ಕೊನೆಗೆ ತಪ್ಪು ಪತ್ತೆಗೆ 2 ಬೈಟ್. ಉಪಕರಣದ ವಿಳಾಸ 1ರಿಂದ 247ರೊಳಗೆ ಇರಬೇಕು. ಒಂದೇ ಲೈನಿನ ಎರಡು ಮೀಟರ್‌ಗೆ ಒಂದೇ ನಂಬರ್ ಕೊಟ್ಟರೆ ಎರಡೂ ಒಟ್ಟಿಗೆ ಉತ್ತರಿಸಿ ರೀಡಿಂಗ್ ಕಲಸುಮೇಲೋಗರ ಆಗುತ್ತದೆ. ಹೊಸ ಮೀಟರ್ ಹಾಕಿದ ಕೂಡಲೇ ಲೈನ್ ಕೆಟ್ಟರೆ ಎಲೆಕ್ಟ್ರಿಷಿಯನ್ ಮೊದಲು ನೋಡಬೇಕಾದ್ದು ಇದನ್ನೇ.

ಅಪಾಯ ಎಲ್ಲಿದೆ?

ಸಂದೇಶ ಯಾರಿಗೆ ಅನ್ನೋದು ಹೆಡರ್‌ನಲ್ಲಿದೆ, ಕಳಿಸಿದವರು ಯಾರು ಅನ್ನೋದು ಇಲ್ಲ. ಪಾಸ್‌ವರ್ಡ್‌ಗೆ ಜಾಗವೇ ಇಲ್ಲ. ಸರಿಯಾದ ಬೈಟ್‌ಗಳು ಬಂದರೆ ಸಾಕು, ಉಪಕರಣ ಹೇಳಿದಂತೆ ಕೇಳುತ್ತದೆ.

2024ರ ಜನವರಿಯಲ್ಲಿ ಉಕ್ರೇನಿನ ಲ್ವಿವ್ ನಗರದಲ್ಲಿ ಆಗಿದ್ದೂ ಇದೇ. ಕಟ್ಟಡಗಳಿಗೆ ಬಿಸಿನೀರು ಪೂರೈಸುವ ಸಂಸ್ಥೆಯ ನೆಟ್‌ವರ್ಕ್‌ಗೆ ನುಸುಳಿದವರು ಕಂಟ್ರೋಲರ್‌ಗಳಿಗೆ ಮಾಡ್‌ಬಸ್ ಆದೇಶ ಕಳಿಸಿದರು. ಕೊರೆಯುವ ಚಳಿಯಲ್ಲಿ 600ಕ್ಕೂ ಹೆಚ್ಚು ವಸತಿ ಕಟ್ಟಡಗಳಿಗೆ ಸುಮಾರು ಎರಡು ದಿನ ಬಿಸಿ ಇರಲಿಲ್ಲ. ಆ ದಾಳಿಯ ತಂತ್ರಾಂಶಕ್ಕೆ ತಜ್ಞರು 'ಫ್ರಾಸ್ಟಿಗೂಪ್' ಎಂದು ಹೆಸರಿಟ್ಟರು.

ಏನು ಮಾಡಬೇಕು?

ಮಾಡ್‌ಬಸ್ ಟಿಸಿಪಿ ಬಳಸುವ 502ನೇ ಪೋರ್ಟ್ ಇಂಟರ್‌ನೆಟ್‌ಗೆ ತೆರೆದಿರಬಾರದು. ಮನೆಯಿಂದಲೇ ಮೊಬೈಲ್‌ನಲ್ಲಿ ಪಂಪ್ ನೋಡಬೇಕು ಅಂದ್ರೆ ವಿಪಿಎನ್ ಮೂಲಕವೇ ನೋಡಿ. ಆಫೀಸ್ ಕಂಪ್ಯೂಟರ್‌ಗಳಿಗೂ ಯಂತ್ರಗಳಿಗೂ ಬೇರೆ ಬೇರೆ ನೆಟ್‌ವರ್ಕ್ ಇರಲಿ. 2018ರಲ್ಲಿ ಗುರುತು ಪರಿಶೀಲಿಸುವ ಸುರಕ್ಷಿತ ಮಾಡ್‌ಬಸ್ ಕೂಡ ಬಂದಿದೆ, ಅದರ ಪೋರ್ಟ್ 802. ಆದರೆ ಹಳೆ ಉಪಕರಣಗಳಿಗೆ ಅದು ತಿಳಿಯದು. ಅವುಗಳಿಗೆ ಹೊರಗಿನ ಬೇಲಿಯೇ ರಕ್ಷಣೆ.