ಲಾಲ್‌ಬಜಾರಿನ ಗುಂಡುನಿರೋಧಕ ಜಾಕೆಟ್: ಕಾನೂನು ಹೇಳುವುದೆಷ್ಟು?

ಕೋಲ್ಕತ್ತದ ಪೊಲೀಸ್ ಪೇದೆಗೆ ಗುಂಡುನಿರೋಧಕ ಜಾಕೆಟ್ ಕೊಡಲೇಬೇಕೆಂದು ನೇರವಾಗಿ ವಿಧಿಸುವ ಕಾಯ್ದೆ ಭಾರತದಲ್ಲಿ ಇಲ್ಲ. ಜಾಕೆಟ್ ಎಂಥ ಗುಂಡನ್ನು ತಡೆಯಬೇಕು, ಅದನ್ನು ಹೇಗೆ ಪರೀಕ್ಷಿಸಬೇಕು, ಯಾವ ಲೆಕ್ಕಶೀರ್ಷಿಕೆಯ ಹಣದಲ್ಲಿ ಕೊಳ್ಳಬೇಕು ಎಂಬುದಕ್ಕೆಲ್ಲ ಲಿಖಿತ ನಿಯಮಗಳಿವೆ. ಅದು ಯಾರ ಮೈಮೇಲೆ, ಯಾವ ಹೊತ್ತಿನಲ್ಲಿ ಇರಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಕಾನೂನು ಅದನ್ನು ಮೇಲಧಿಕಾರಿಯ ವಿವೇಚನೆಗೆ ಬಿಟ್ಟು ಸುಮ್ಮನಾಗುತ್ತದೆ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಹಾಗಾಗಿ ಕೋಲ್ಕತ್ತದ ಜಾಕೆಟ್ಟಿನ ಹೊಣೆ ಪಶ್ಚಿಮ ಬಂಗಾಳ ಸರ್ಕಾರದ ಗೃಹ ಇಲಾಖೆಯದು. ಲಾಲ್‌ಬಜಾರಿನಲ್ಲಿ ಕೇಂದ್ರ ಕಚೇರಿ ಇರುವ ಕೋಲ್ಕತ್ತ ಪೊಲೀಸ್ ಇಂದಿಗೂ 1866ರ ಎರಡು ಕಾಯ್ದೆಗಳ ಅಡಿಯಲ್ಲಿ ನಡೆಯುತ್ತದೆ. ಒಂದು ಹಳೆಯ ನಗರಕ್ಕೆ, ಇನ್ನೊಂದು ಉಪನಗರಕ್ಕೆ. ರಾಜ್ಯದ ಉಳಿದ ಭಾಗಕ್ಕೆ 1861ರ ಪೊಲೀಸ್ ಕಾಯ್ದೆ ಮತ್ತು 1943ರ ಬಂಗಾಳ ಪೊಲೀಸ್ ನಿಯಮಾವಳಿ ಆಧಾರ. ಕರ್ನಾಟಕ 1963ರಲ್ಲಿ ತನ್ನದೇ ಪೊಲೀಸ್ ಕಾಯ್ದೆ ಮಾಡಿಕೊಂಡಿತು. ಬಂಗಾಳ ಮಾತ್ರ ಬ್ರಿಟಿಷರ ಕಾಲದ ಪಠ್ಯವನ್ನೇ ತಿದ್ದುತ್ತ ತಿದ್ದುತ್ತ ಉಳಿಸಿಕೊಂಡಿದೆ.

ಆ ಹಳೆಯ ಪಠ್ಯದಲ್ಲಿ ಜಾಕೆಟ್ಟಿಗೆ ಹತ್ತಿರವಾದ ಜಾಗ ಎಂದರೆ 1861ರ ಕಾಯ್ದೆಯ 12ನೇ ಸೆಕ್ಷನ್. ಪಡೆಗೆ ಒದಗಿಸಬೇಕಾದ ಆಯುಧ, ಸಜ್ಜು ಮತ್ತು ಇತರ ಅಗತ್ಯ ವಸ್ತುಗಳ ಬಗೆ ಯಾವುದೆಂದು ಸರ್ಕಾರದ ಒಪ್ಪಿಗೆ ಪಡೆದು ಪೊಲೀಸ್ ಮುಖ್ಯಸ್ಥರು ನಿಯಮ ಮಾಡಬಹುದು ಎಂದು ಅದು ಹೇಳುತ್ತದೆ. ಕೋಲ್ಕತ್ತದಲ್ಲಿ ಪಡೆಯ ಆಡಳಿತಕ್ಕೆ ನಿಯಮ ಮಾಡುವ ಅಧಿಕಾರ ಕಮಿಷನರ್ ಅವರದು. ಈ ಬಗೆಯ ಸೆಕ್ಷನ್‌ಗಳು ಅಧಿಕಾರ ಕೊಡುತ್ತವೆ, ಕರ್ತವ್ಯ ಹೊರಿಸುವುದಿಲ್ಲ. ಕಮಿಷನರ್ ಜಾಕೆಟ್ ಕೊಡಲು ಆದೇಶಿಸಿದರೆ ಅದಕ್ಕೆ ಕಾನೂನಿನ ಬಲವಿದೆ. ಆದೇಶಿಸದಿದ್ದರೆ ಈ ಕಾಯ್ದೆಯನ್ನು ಹಿಡಿದು ಪೇದೆ ಕೇಳುವಂತಿಲ್ಲ.

ಕಾರ್ಮಿಕ ಕಾನೂನಿನಲ್ಲೂ ಈ ಕೊರತೆಗೆ ಪರಿಹಾರವಿಲ್ಲ. ಕಟ್ಟಡ ಕೆಲಸಗಾರನಿಗೆ ಹೆಲ್ಮೆಟ್ ಕೊಡದ ಮಾಲೀಕನ ಮೇಲೆ ಕ್ರಮ ಕೈಗೊಳ್ಳಬಹುದು. ಆದರೆ 2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಕಚೇರಿಗಳನ್ನು ತನ್ನ ವ್ಯಾಪ್ತಿಯ ಹೊರಗಿಟ್ಟಿದೆ. ಸಂಘ ಕಟ್ಟಿ ಬೇಡಿಕೆ ಇಡೋಣವೆಂದರೆ 1966ರ ಪೊಲೀಸ್ ಪಡೆಗಳ ಹಕ್ಕುಗಳ ನಿರ್ಬಂಧ ಕಾಯ್ದೆ ಅಡ್ಡ ನಿಲ್ಲುತ್ತದೆ. ಅನುಮತಿಯಿಲ್ಲದೆ ಪೊಲೀಸರು ಕಾರ್ಮಿಕ ಸಂಘಕ್ಕೆ ಸೇರುವಂತಿಲ್ಲ, ಪತ್ರಿಕೆಗಳೊಂದಿಗೆ ಮಾತಾಡುವಂತಿಲ್ಲ. ಉಳಿಯುವುದು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕು. ಅದು ಪೊಲೀಸನಿಗೂ ಇದೆ, ಆದರೆ ಅದರಿಂದ ಜಾಕೆಟ್ಟಿನ ತನಕ ಬರುವ ದಾರಿ ಬಲು ಉದ್ದ.

ಕೋಲ್ಕತ್ತದ ಪೊಲೀಸ್ ಕಾಯ್ದೆಯನ್ನು ಬರೆದುಕೊಟ್ಟ ಬ್ರಿಟನ್ ಈ ವಿಷಯದಲ್ಲಿ ತನ್ನ ಮನೆಯಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಪೊಲೀಸರು ಕಾನೂನಿನ ಕಣ್ಣಿಗೆ ನೌಕರರೇ ಅಲ್ಲ, ಪದಾಧಿಕಾರಿಗಳು. ಅದರಿಂದಾಗಿ 1974ರ ಕೆಲಸದ ಸ್ಥಳದ ಸುರಕ್ಷತಾ ಕಾಯ್ದೆ ಅವರಿಗೆ ಅನ್ವಯಿಸುತ್ತಿರಲಿಲ್ಲ. 1997ರಲ್ಲಿ ಪೊಲೀಸ್ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆ ಎಂಬ ಚಿಕ್ಕ ಶಾಸನ ಮಾಡಿ ಈ ಕಂದಕ ಮುಚ್ಚಿದರು. ಅಪಾಯವನ್ನು ಅಂದಾಜು ಮಾಡಿ ತಕ್ಕ ರಕ್ಷಣಾ ಸಾಧನ ಕೊಡುವುದು ಅಲ್ಲಿ ಪೊಲೀಸ್ ಮುಖ್ಯಸ್ಥನ ಶಾಸನಬದ್ಧ ಹೊಣೆ. ಭಾರತದಲ್ಲಿ ಅಂಥ ಕಾಯ್ದೆ ಬಂದಿಲ್ಲ.

ಕೋಲ್ಕತ್ತದಲ್ಲಿ ಅಪಾಯವೇನೂ ಕಲ್ಪನೆಯದಲ್ಲ. 2002ರ ಜನವರಿ 22ರ ಮುಂಜಾನೆ ಜವಾಹರಲಾಲ್ ನೆಹರೂ ರಸ್ತೆಯ ಅಮೆರಿಕನ್ ಸೆಂಟರ್ ಮುಂದೆ ಕಾವಲಿನ ಪಾಳಿ ಬದಲಾಗುವ ಹೊತ್ತಿಗೆ ಮೋಟಾರ್ ಸೈಕಲ್ಲಿನಲ್ಲಿ ಬಂದವರು ಎ.ಕೆ.-47ರಿಂದ ಗುಂಡಿನ ಮಳೆ ಸುರಿಸಿದರು. ಕನಿಷ್ಠ ನಾಲ್ವರು ಪೊಲೀಸರು ಸತ್ತರು, ಹಲವರು ಗಾಯಗೊಂಡರು. ಹನ್ನೊಂದು ವರ್ಷಗಳ ನಂತರ, 2013ರ ಫೆಬ್ರುವರಿ 12ರಂದು, ಗಾರ್ಡನ್ ರೀಚ್‌ನ ಹರಿಮೋಹನ್ ಘೋಷ್ ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗೆ ಸಂಬಂಧಿಸಿದ ಗಲಭೆಯಲ್ಲಿ ಸ್ಪೆಷಲ್ ಬ್ರಾಂಚಿನ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಗುಂಡಿಗೆ ಬಲಿಯಾದರು. ಮೊದಲನೆಯದು ಯುದ್ಧಭೂಮಿಯ ರೈಫಲ್ಲಿನ ದಾಳಿ. ಎರಡನೆಯದು ಕಾಲೇಜಿನ ಗೇಟಿನ ಬಳಿ ಹಾರಿದ ಕೈಬಂದೂಕಿನ ಗುಂಡು. ಎರಡಕ್ಕೂ ಒಂದೇ ಜಾಕೆಟ್ ಒದಗುವುದಿಲ್ಲ. ಕಾನೂನಿನ ತಾಂತ್ರಿಕ ಭಾಗ ಶುರುವಾಗುವುದು ಇಲ್ಲಿಂದ.

2018ರವರೆಗೆ ಭಾರತಕ್ಕೆ ಈ ವಿಷಯದಲ್ಲಿ ಸ್ವಂತ ರಾಷ್ಟ್ರೀಯ ಮಾನದಂಡವಿರಲಿಲ್ಲ. ಗೃಹ ಸಚಿವಾಲಯ ಮತ್ತು 1970ರಲ್ಲಿ ಸ್ಥಾಪನೆಯಾದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊ ಹೊರಡಿಸುವ ಗುಣಲಕ್ಷಣಗಳ ಪಟ್ಟಿ ಒಂದು ಕಡೆ, ಅಮೆರಿಕದ ರಾಷ್ಟ್ರೀಯ ನ್ಯಾಯ ಸಂಸ್ಥೆಯ ಮಾನದಂಡ ಇನ್ನೊಂದು ಕಡೆ. ಟೆಂಡರ್ ಕರೆಯುವವರು ತಮಗೆ ಬೇಕಾದುದನ್ನು ಆಯ್ದುಕೊಳ್ಳುತ್ತಿದ್ದರು. ಭಾರತೀಯ ಮಾನಕ ಬ್ಯೂರೊ 2018ರಲ್ಲಿ ಐಎಸ್ 17051 ಎಂಬ ಮಾನದಂಡ ಪ್ರಕಟಿಸಿದ ಮೇಲೆ ಸೇನೆ, ಅರೆಸೇನಾ ಪಡೆ ಮತ್ತು ರಾಜ್ಯ ಪೊಲೀಸರಿಗೆ ಸಾಮಾನ್ಯವಾದ ಅಳತೆಗೋಲು ಸಿಕ್ಕಿತು.

ಈ ಮಾನದಂಡದಲ್ಲಿ ಅಪಾಯದ ಆರು ಹಂತಗಳಿವೆ. ಮೊದಲ ಹಂತಕ್ಕೆ 9 ಮಿ.ಮೀ. ಕಾರ್ಬೈನಿನ ಗುಂಡು. ಮೇಲೇರಿದಂತೆ ಎ.ಕೆ.-47, ಇನ್ಸಾಸ್, ಎಸ್‌ಎಲ್‌ಆರ್ ರೈಫಲ್ಲುಗಳ ಗುಂಡುಗಳು ಬರುತ್ತವೆ. ಆರನೆಯದು ಉಕ್ಕನ್ನೇ ತೂರಿ ಬೆಂಕಿ ಹೊತ್ತಿಸುವ 7.62x54 ಆರ್ ಗುಂಡು. ಇನ್ಸಾಸ್ ಮತ್ತು ಎಸ್‌ಎಲ್‌ಆರ್ ಎರಡನ್ನೂ ತಯಾರಿಸಿದ ಈಶಾಪುರ ರೈಫಲ್ ಕಾರ್ಖಾನೆ ಇರುವುದು ಕೋಲ್ಕತ್ತದಿಂದ ಉತ್ತರಕ್ಕೆ, ಹೂಗ್ಲಿ ನದಿಯ ದಂಡೆಯಲ್ಲೇ. ಆದರೆ ಕೋಲ್ಕತ್ತದ ಓಣಿಗಳಲ್ಲಿ ಪೊಲೀಸರಿಗೆ ಎದುರಾಗುವುದು ಹೆಚ್ಚಾಗಿ ಬಿಹಾರದ ಮುಂಗೇರ್ ಕಡೆಯಿಂದ ಕದ್ದು ಬರುವ ನಾಡಬಂದೂಕು ಮತ್ತು ಪಿಸ್ತೂಲು, ಜೊತೆಗೆ ಸ್ಥಳೀಯರು ‘ಪೇಟೊ’ ಎನ್ನುವ ಕಚ್ಚಾ ಬಾಂಬು. ಪೇಟೊ ಸಿಡಿತಕ್ಕೆ ಎದೆ ಬೆನ್ನು ಮಾತ್ರ ಮುಚ್ಚುವ ಜಾಕೆಟ್ ಪೂರ್ತಿ ಉತ್ತರವಲ್ಲ. ಕೈಕಾಲು, ಮುಖ ಬಯಲಾಗಿಯೇ ಉಳಿಯುತ್ತವೆ.

ಪರೀಕ್ಷೆಯ ವಿಧಾನ ನೋಡಲು ಸರಳ. ಜಾಕೆಟ್ಟಿನ ಫಲಕವನ್ನು ಹದಮಾಡಿದ ಜೇಡಿಮಣ್ಣಿನಂಥ ಪದಾರ್ಥದ ಮೇಲೆ ಕಟ್ಟಿ, ನಿಗದಿತ ದೂರದಿಂದ ನಿಗದಿತ ವೇಗದಲ್ಲಿ ಗುಂಡು ಹಾರಿಸುತ್ತಾರೆ. ಗುಂಡು ಹೊಕ್ಕು ಹೊರಬರಬಾರದು ಎಂಬುದು ಮೊದಲ ಷರತ್ತು. ಅಷ್ಟೇ ಸಾಲದು. ತಡೆದ ಗುಂಡಿನ ಹೊಡೆತಕ್ಕೆ ಹಿಂದಿನ ಮಣ್ಣು ಎಷ್ಟು ಆಳ ತಗ್ಗಿತು ಎಂದು ಅಳೆಯುತ್ತಾರೆ. ಗುಂಡು ಒಳಗೆ ಬಾರದಿದ್ದರೂ ಆ ತಗ್ಗು ಹೆಚ್ಚಾದರೆ ತೊಟ್ಟವನ ಪಕ್ಕೆಲುಬು ಮುರಿಯುತ್ತದೆ, ಯಕೃತ್ತು ಒಡೆಯುತ್ತದೆ. ಅಮೆರಿಕದ ಮಾನದಂಡ ಇದಕ್ಕೆ 44 ಮಿ.ಮೀ. ಮಿತಿ ಇಟ್ಟಿದೆ. ಭಾರತದಲ್ಲಿ ಚಂಡೀಗಢದ ಟರ್ಮಿನಲ್ ಬ್ಯಾಲಿಸ್ಟಿಕ್ಸ್ ಸಂಶೋಧನಾಲಯ ಇಂಥ ಪರೀಕ್ಷೆಗೆ ಹೆಸರಾದುದು. ಕಾನ್ಪುರದ ಡಿಆರ್‌ಡಿಒ ಪ್ರಯೋಗಾಲಯ ರೂಪಿಸಿದ ಆರನೇ ಹಂತದ ಜಾಕೆಟ್ 2024ರಲ್ಲಿ ಪರೀಕ್ಷೆಗೊಳಗಾದುದು ಅಲ್ಲಿಯೇ.

ಮಾನದಂಡವೆಂದರೆ ಕಾನೂನು ಎಂದುಕೊಳ್ಳುವುದು ಸಾಮಾನ್ಯ ತಪ್ಪು. 2016ರ ಭಾರತೀಯ ಮಾನಕ ಬ್ಯೂರೊ ಕಾಯ್ದೆಯ ಪ್ರಕಾರ ಮಾನದಂಡಗಳ ಪಾಲನೆ ಸಾಮಾನ್ಯವಾಗಿ ಐಚ್ಛಿಕ. 16ನೇ ಸೆಕ್ಷನ್ ಅಡಿ ಕೇಂದ್ರ ಸರ್ಕಾರ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿದಾಗ ಮಾತ್ರ ಕಡ್ಡಾಯವಾಗುತ್ತದೆ. ಅಗ್ನಿಶಾಮಕ ಸಿಬ್ಬಂದಿಯ ಉಡುಪೂ ಸೇರಿದಂತೆ ಹಲವು ರಕ್ಷಣಾ ಜವಳಿಗಳಿಗೆ ಜವಳಿ ಸಚಿವಾಲಯ ಅಂಥ ಆದೇಶಗಳನ್ನು ತಂದಿದೆ. ಆದರೆ ಅಂಥ ಆದೇಶ ಕಟ್ಟಿಹಾಕುವುದು ತಯಾರಕನನ್ನು, ಆಮದುದಾರನನ್ನು, ಮಾರುವವನನ್ನು. ಕೊಳ್ಳಲೇಬೇಕೆಂದು ಗೃಹ ಇಲಾಖೆಯನ್ನು ಅದು ಒತ್ತಾಯಿಸುವುದಿಲ್ಲ.

ಮಾನದಂಡಕ್ಕೆ ಹಲ್ಲು ಬರುವುದು ಟೆಂಡರಿನಲ್ಲಿ. ಐಎಸ್ 17051ರ ಇಂಥ ಹಂತ ಎಂದು ಟೆಂಡರ್ ದಾಖಲೆಯಲ್ಲಿ ಬರೆದ ಕೂಡಲೇ ಅದು ಗುತ್ತಿಗೆಯ ಷರತ್ತಾಗುತ್ತದೆ. ಆಮೇಲೆ ಕೆಲಸಕ್ಕೆ ಬರುವುದು 1930ರ ಸರಕು ಮಾರಾಟ ಕಾಯ್ದೆ. ಮಾದರಿ ತೋರಿಸಿ ಮಾರಿದ ಮೇಲೆ ಒಟ್ಟು ಸರಕು ಮಾದರಿಗೆ ಹೊಂದಬೇಕು ಎನ್ನುತ್ತದೆ ಅದರ 17ನೇ ಸೆಕ್ಷನ್. ಕೊಳ್ಳುವವನು ಉದ್ದೇಶ ತಿಳಿಸಿ ಮಾರುವವನ ಪರಿಣತಿಯನ್ನು ನಂಬಿ ಕೊಂಡರೆ ಸರಕು ಆ ಉದ್ದೇಶಕ್ಕೆ ಒದಗಬೇಕು ಎನ್ನುತ್ತದೆ 16ನೇ ಸೆಕ್ಷನ್. ಹೀಗಾಗಿ ಬಂದ ಪ್ರತಿ ಲಾಟಿನಿಂದ ಕೆಲವನ್ನು ಆಯ್ದು ಗುಂಡು ಹಾರಿಸಿ ನೋಡುವುದು ವಾಡಿಕೆ. ಪರೀಕ್ಷೆಗೆ ಹೋದ ಜಾಕೆಟ್ ಮತ್ತೆ ತೊಡಲು ಬರುವುದಿಲ್ಲ. ಕಳಪೆ ಜಾಕೆಟ್ ಬಂದರೆ ವ್ಯಾಜ್ಯ ಹೂಡುವ ಹಕ್ಕು ಇಲಾಖೆಗಿದೆ. ಗುತ್ತಿಗೆಯಲ್ಲಿ ಪೇದೆ ಕಕ್ಷಿದಾರನೇ ಅಲ್ಲ.

ಹಣ ಬರುವುದು ರಾಜ್ಯದ ಬಜೆಟ್ಟಿನಿಂದ ಮತ್ತು ಕೇಂದ್ರದ ಪೊಲೀಸ್ ಆಧುನೀಕರಣ ಯೋಜನೆಯಿಂದ. 1969-70ರಲ್ಲಿ ಶುರುವಾದ ಈ ಯೋಜನೆಯಲ್ಲಿ ಈಗ ಪಶ್ಚಿಮ ಬಂಗಾಳದಂಥ ರಾಜ್ಯಕ್ಕೆ ಕೇಂದ್ರದ ಪಾಲು ಶೇ 60. 2022ರ ಫೆಬ್ರುವರಿಯಲ್ಲಿ ಕೇಂದ್ರ ಮುಂದುವರಿಸಿದ ₹26,275 ಕೋಟಿಯ ಒಟ್ಟು ಯೋಜನೆಯಲ್ಲಿ ರಾಜ್ಯ ಪೊಲೀಸ್ ಆಧುನೀಕರಣಕ್ಕೆ ಮೀಸಲಿಟ್ಟದ್ದು ₹4,846 ಕೋಟಿ. ಜಾಕೆಟ್ಟಿಗೆ ಇದರಲ್ಲಿ ಪ್ರತ್ಯೇಕ ಪಾಲಿಲ್ಲ. ವಾಹನ, ಸಂಪರ್ಕ ಸಾಧನ, ವಿಧಿವಿಜ್ಞಾನ ಪ್ರಯೋಗಾಲಯಗಳ ಜೊತೆ ಅದೂ ಸರದಿಯಲ್ಲಿ ನಿಲ್ಲಬೇಕು.

ಖರೀದಿಯ ಕಾಗದಪತ್ರ ಎಷ್ಟು ಮುಖ್ಯವೆಂಬುದು ಮುಂಬೈಯಲ್ಲಿ ಗೊತ್ತಾಯಿತು. 2008ರ ನವೆಂಬರ್ 26ರ ಉಗ್ರರ ದಾಳಿಯ ರಾತ್ರಿ ಭಯೋತ್ಪಾದನಾ ನಿಗ್ರಹ ದಳದ ಮುಖ್ಯಸ್ಥ ಹೇಮಂತ್ ಕರ್ಕರೆ ಕ್ಯಾಮೆರಾಗಳೆದುರೇ ಹೆಲ್ಮೆಟ್ ಹಾಕಿ ಜಾಕೆಟ್ ತೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಕಾಮಾ ಆಸ್ಪತ್ರೆಯ ಬಳಿ ಹತರಾದರು. ಆ ಜಾಕೆಟ್ ಆಮೇಲೆ ನಾಪತ್ತೆಯಾಯಿತು. ಜಾಕೆಟ್ ಖರೀದಿಯ ಕಡತ ಎಲ್ಲಿ ಎಂಬುದೂ ಮಾಹಿತಿ ಹಕ್ಕಿನ ಅರ್ಜಿಯ ನಂತರ ವಿವಾದವಾಯಿತು. ಗುಂಡು ಜಾಕೆಟ್ಟನ್ನು ತೂರಿತೇ, ಅದು ಮುಚ್ಚದ ಭಾಗಕ್ಕೆ ಬಿತ್ತೇ ಎಂಬ ಎರಡು ಪ್ರಶ್ನೆಗಳು ಕಾನೂನಿನ ದೃಷ್ಟಿಯಲ್ಲಿ ತೀರಾ ಬೇರೆ. ಮೊದಲನೆಯದು ತಯಾರಕನ ಹೊಣೆ, ಎರಡನೆಯದು ಜಾಕೆಟ್ಟಿನ ವಿನ್ಯಾಸವನ್ನು ಆರಿಸಿದವರದು. ವಸ್ತುವೇ ಇಲ್ಲದ ಮೇಲೆ ತೀರ್ಮಾನಿಸುವುದು ಕಷ್ಟ. ಸತ್ತ ಅಥವಾ ಗಾಯಗೊಂಡ ಪೊಲೀಸನ ಜಾಕೆಟ್ಟನ್ನು ಸಾಕ್ಷ್ಯದಂತೆ ಜಪ್ತಿ ಮಾಡಿ ಕಾಪಾಡಬೇಕೆಂಬ ಕಟ್ಟುನಿಟ್ಟಿನ ನಿಯಮವಿದ್ದಿದ್ದರೆ ಅಷ್ಟು ವಾದವೇ ಏಳುತ್ತಿರಲಿಲ್ಲ.

ಕೋಲ್ಕತ್ತದಲ್ಲಿ ಹವೆಯೂ ಒಂದು ಕಕ್ಷಿ. ಸೆಕೆಯ ಊರೆಂದು ಅಲ್ಲಿನ ಪೊಲೀಸರಿಗೆ ಬಿಳಿ ಸಮವಸ್ತ್ರ. ಅದರ ಮೇಲೆ ಒಂಬತ್ತು ಕಿಲೊ ತೂಕದ ಜಾಕೆಟ್ ಹೊತ್ತು ಮೇ ತಿಂಗಳಲ್ಲಿ ಎಂಟು ಗಂಟೆ ನಿಲ್ಲುವುದು ಸುಲಭವಲ್ಲ. ಡಿಆರ್‌ಡಿಒ 2021ರಲ್ಲಿ ಮಧ್ಯಮ ಅಳತೆಯ ಜಾಕೆಟ್ಟಿನ ತೂಕವನ್ನು 10.4 ಕಿಲೊದಿಂದ 9ಕ್ಕೆ ಇಳಿಸಿದ್ದನ್ನೇ ಸಾಧನೆಯೆಂದು ಹೇಳಿಕೊಂಡಿತು. ದೆಹಲಿ ಐಐಟಿ ಜೊತೆ ಸೇರಿ 2024ರಲ್ಲಿ ತಂದ ‘ಅಭೇದ್’ ಜಾಕೆಟ್‌ಗಳ ಕನಿಷ್ಠ ತೂಕ ಹಂತಕ್ಕೆ ತಕ್ಕಂತೆ 8.2 ಮತ್ತು 9.5 ಕಿಲೊ. ಇವು ರೈಫಲ್ ತಡೆಯುವ ಗಟ್ಟಿ ಫಲಕದವು. ಪಿಸ್ತೂಲಿನ ಗುಂಡಿಗೆ ಸಾಕಾಗುವ ಮೆದು ಜಾಕೆಟ್ ಬಹಳ ಹಗುರ. ಗಸ್ತಿನ ಪೇದೆಗೆ ಒಪ್ಪುವುದು ಅದೇ. ಎಲ್ಲರಿಗೂ ಮೇಲಿನ ಹಂತವೇ ಬೇಕೆಂದು ಟೆಂಡರ್ ಬರೆಯುವುದು ಕೇಳಲು ಚೆನ್ನ. ಕೊನೆಗೆ ಆ ಜಾಕೆಟ್ ಶಸ್ತ್ರಾಗಾರದ ಕಪಾಟಿನಲ್ಲೇ ಉಳಿಯುತ್ತದೆ.

ತೇವ ಮತ್ತು ಬಿಸಿಯ ಇನ್ನೊಂದು ಹಾನಿ ಕಣ್ಣಿಗೆ ಕಾಣುವುದಿಲ್ಲ. ಅಮೆರಿಕದಲ್ಲಿ ಝೈಲಾನ್ ಎಂಬ ನೂಲಿನ ಜಾಕೆಟ್ಟುಗಳು ಹೊಸದರಲ್ಲಿ ಪರೀಕ್ಷೆ ಗೆದ್ದಿದ್ದವು. 2003ರಲ್ಲಿ ಪೆನ್ಸಿಲ್ವೇನಿಯಾದ ಫಾರೆಸ್ಟ್ ಹಿಲ್ಸ್‌ನಲ್ಲಿ ಅಂಥ ಜಾಕೆಟ್ಟನ್ನು ಗುಂಡು ತೂರಿ ಅಧಿಕಾರಿಯೊಬ್ಬರು ಗಾಯಗೊಂಡ ಮೇಲೆ ತನಿಖೆ ನಡೆಯಿತು. ತೇವ ತಗುಲಿದರೆ ಆ ನೂಲು ಬೇಗ ಬಲ ಕಳೆದುಕೊಳ್ಳುತ್ತದೆಂದು ತಿಳಿಯಿತು. 2005ರಲ್ಲಿ ಝೈಲಾನ್ ಜಾಕೆಟ್ಟುಗಳ ಮಾನ್ಯತೆ ರದ್ದಾಯಿತು. ನೂಲು ತಯಾರಿಸಿದ ಜಪಾನಿನ ತೊಯೊಬೊ ಕಂಪನಿ 2018ರಲ್ಲಿ 6.6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಹೂಗ್ಲಿ ದಂಡೆಯ ಊರಿಗೆ ಈ ಪ್ರಕರಣ ದೂರದ್ದಲ್ಲ. ಜಾಕೆಟ್ಟಿಗೆ ಆಯುಷ್ಯವಿದೆ. ತಯಾರಾದ ದಿನಾಂಕ, ವಾರಂಟಿಯ ಅವಧಿ, ಯಾರು ಯಾವಾಗ ತೊಟ್ಟರೆಂಬ ದಾಖಲೆ ಇಡುವುದು ಖರೀದಿಯಷ್ಟೇ ಮುಖ್ಯ.

ಅಳತೆಯ ವಿಷಯದಲ್ಲಿ ಕಾನೂನು ಇನ್ನೂ ಹಿಂದಿದೆ. ಕೋಲ್ಕತ್ತ ಪೊಲೀಸ್ 2018ರಲ್ಲಿ ‘ವಿನ್ನರ್ಸ್’ ಎಂಬ ಮಹಿಳಾ ಗಸ್ತು ಪಡೆಯನ್ನು ಬೀದಿಗಿಳಿಸಿತು. ಚಪ್ಪಟೆ ಎದೆಗೆಂದು ಮಾಡಿದ ಫಲಕ ಹೆಣ್ಣಿನ ಮೈಗೆ ಕೂರದೆ ಬದಿಗಳಲ್ಲಿ ಸಂದು ಬಿಡುತ್ತದೆ. ಅಮೆರಿಕ 2023ರಲ್ಲಿ ಪರಿಷ್ಕರಿಸಿದ ಮಾನದಂಡದಲ್ಲಿ ಮಹಿಳೆಯರ ಜಾಕೆಟ್ಟಿನ ಪರೀಕ್ಷಾ ವಿಧಾನವನ್ನು ಸುಧಾರಿಸಿತು.

ಗುಂಡಿಗಿಂತ ಇಟ್ಟಿಗೆ ಚೂರು ಹೆಚ್ಚು ಬೀಳುವ ಊರಿನಲ್ಲಿ ಗಲಭೆ ರಕ್ಷಾಕವಚವನ್ನೂ ಮರೆಯುವಂತಿಲ್ಲ. 2024ರ ಆಗಸ್ಟ್ 27ರಂದು ರಾಜ್ಯದ ಸಚಿವಾಲಯ ನಬಾನ್ನದತ್ತ ಹೊರಟ ಮೆರವಣಿಗೆಯ ಘರ್ಷಣೆಯಲ್ಲಿ ಕೋಲ್ಕತ್ತ ಪೊಲೀಸಿನ ಸಾರ್ಜೆಂಟ್ ಒಬ್ಬರ ಕಣ್ಣಿಗೆ ಗಂಭೀರ ಗಾಯವಾಯಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಸೆಕ್ಷನ್ ಅಕ್ರಮ ಕೂಟವನ್ನು ಬಲದಿಂದ ಚದುರಿಸುವ ಅಧಿಕಾರ ಕೊಡುತ್ತದೆ. ಚದುರಿಸಲು ಹೋಗುವವರು ಏನು ತೊಟ್ಟಿರಬೇಕೆಂದು ಅಲ್ಲಿ ಹೇಳಿಲ್ಲ.

ಜಾಕೆಟ್ ಇದ್ದೂ ತೊಡದವರ ಸಮಸ್ಯೆ ಎಲ್ಲ ದೇಶಗಳದ್ದು. ಅಮೆರಿಕ ಇದಕ್ಕೆ ಹಣದ ದಾರಿ ಹಿಡಿಯಿತು. 1998ರ ಕಾಯ್ದೆಯಡಿ ಜಾಕೆಟ್ ಖರೀದಿಗೆ ಒಕ್ಕೂಟ ಸರ್ಕಾರ ಅನುದಾನ ಕೊಡುತ್ತದೆ. 2011ರಿಂದ ಆ ಅನುದಾನ ಬೇಕಾದರೆ, ಸಮವಸ್ತ್ರದ ಅಧಿಕಾರಿ ಕರ್ತವ್ಯದ ಮೇಲೆ ಜಾಕೆಟ್ ತೊಡಲೇಬೇಕೆಂಬ ಲಿಖಿತ ನೀತಿ ಆ ಪೊಲೀಸ್ ಇಲಾಖೆಯಲ್ಲಿ ಇರಬೇಕು. ಭಾರತದ ಆಧುನೀಕರಣ ಯೋಜನೆಯೂ ಶೇ 60ರ ಪಾಲಿಗೆ ಇಂಥದೇ ಷರತ್ತು ಹಾಕಲು ಹೊಸ ಕಾಯ್ದೆಯ ಅಗತ್ಯವಿಲ್ಲ, ಮಾರ್ಗಸೂಚಿಯ ತಿದ್ದುಪಡಿ ಸಾಕು. ರಾಜ್ಯದ ಮಟ್ಟದಲ್ಲಿ ಕಮಿಷನರ್ ಅವರ ನಿಯಮ ಮಾಡುವ ಅಧಿಕಾರ 1866ರಿಂದಲೂ ಪುಸ್ತಕದಲ್ಲಿದೆ. ಯಾವ ಕರ್ತವ್ಯಕ್ಕೆ ಯಾವ ಹಂತದ ಜಾಕೆಟ್, ಯಾರಿಗೆ ಸ್ವಂತ ಅಳತೆಯದು, ಎಷ್ಟು ವರ್ಷಕ್ಕೆ ಬದಲಿ ಎಂಬುದನ್ನು ಸರ್ಕಾರದ ಒಪ್ಪಿಗೆಯೊಂದಿಗೆ ಅದರಡಿಯಲ್ಲೇ ಬರೆದುಬಿಡಬಹುದು.