ಹಬ್ಬದ ಉಡುಗೊರೆಗೆ ಮನೆಯಲ್ಲೇ ಬೀಜದ ಮಿಠಾಯಿ

ಕೊಳೆರೋಗ, ಬೋರ್ಡೋ ದ್ರಾವಣ, ಕಾಯಿಕೊರಕ, ಒಣಗಿಸುವ ಕಣ ಮುಂತಾದ ವಿಚಾರಗಳನ್ನೇ ಈ ಪುಟಗಳಲ್ಲಿ ಓದಿ ರೂಢಿಯಾದ ಸದಸ್ಯ ಬಾಂಧವರಿಗೆ ಈ ಸಲ ಮಿಠಾಯಿಯ ಮಾತು ಎತ್ತಿದ್ದು ವಿಚಿತ್ರವೆನಿಸಬಹುದು. ಆದರೆ ಕಾರಣವಿದೆ. ದೀಪಾವಳಿಗೆ ತೋಟದ ಕೆಲಸದವರಿಗೆ, ನೆರೆಮನೆಗಳಿಗೆ, ಕೊಟ್ಟ ಹೆಣ್ಣುಮಕ್ಕಳ ಮನೆಗೆ ಏನಾದರೂ ಸಿಹಿ ಕಳಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬಿಟ್ಟುಹೋಗಿಲ್ಲ. ಡಿಸೆಂಬರಿನಲ್ಲಿ ಕ್ರಿಸ್ಮಸ್, ಜನವರಿಯಲ್ಲಿ ಸಂಕ್ರಾಂತಿ ಬೆನ್ನಿಗೇ ಬರುತ್ತವೆ. ಪೇಟೆಯಿಂದ ತಂದ ಖೋವಾ ಮಿಠಾಯಿ ಎರಡು ಮೂರು ದಿನಕ್ಕೆ ಕೆಡುವಂಥದು. ನಮ್ಮ ಮನೆಗಳೋ ಗುಡ್ಡಕ್ಕೊಂದು, ಕಣಿವೆಗೊಂದು. ಎಲ್ಲ ಮನೆಗೂ ಮುಟ್ಟಿಸಿ ಬರುವುದರೊಳಗೆ ಕೊನೆಯ ಪೊಟ್ಟಣ ಹುಳಿವಾಸನೆ ಬಂದಿರುತ್ತದೆ. ದುಡ್ಡೂ ಹೋಯಿತು, ಮರ್ಯಾದೆಯೂ ಹೋಯಿತು. ಆದ್ದರಿಂದ ಇಟ್ಟರೆ ಉಳಿಯುವ, ಮನೆಯಲ್ಲೇ ಆಗುವ ಎರಡು ಮಿಠಾಯಿಗಳನ್ನು ಕುರಿತು ಬರೆಯುತ್ತಿದ್ದೇವೆ. ಒಂದು, ಎಲ್ಲರೂ ಬಲ್ಲ ಬೆಲ್ಲದ ಕಡಲೆ ಮಿಠಾಯಿ, ಅಂದರೆ ಚಿಕ್ಕಿ. ಇನ್ನೊಂದು, ಕೆನೆ ಮತ್ತು ಕಾಫಿ ಡಿಕಾಕ್ಷನ್ ಹಾಕಿದ ಗೇರುಬೀಜದ ಕ್ಯಾರಮೆಲ್.

ಮಿಠಾಯಿ ಎಂದರೆ ಕೈಗುಣದ ಮಾತು, ಕೆಲವರಿಗೆ ಒಲಿಯುತ್ತದೆ, ಕೆಲವರಿಗೆ ಇಲ್ಲ ಎಂಬ ನಂಬಿಕೆ ಇದೆ. ನಾವು ಇದನ್ನು ಒಪ್ಪುವುದಿಲ್ಲ. ಪಾಕ ಮಾಡುವುದೆಂದರೆ ಒಣಗಿಸುವ ಕೆಲಸ, ಅಷ್ಟೆ. ಪಾರ್ಚ್‌ಮೆಂಟ್ ಕಾಫಿಯನ್ನು ತೇವ ಶೇಕಡಾ 10ಕ್ಕೆ ಇಳಿಯುವವರೆಗೆ ಕಣದಲ್ಲಿ ಒಣಗಿಸುತ್ತೇವೆ. ಸಕ್ಕರೆ ನೀರನ್ನು ಒಲೆಯ ಮೇಲೆ ಒಣಗಿಸುತ್ತೇವೆ. ಕುದಿಯುತ್ತ ಹೋದಂತೆ ನೀರು ಆವಿಯಾಗುತ್ತದೆ, ಉಳಿದ ಪಾಕ ಗಟ್ಟಿಯಾಗುತ್ತದೆ, ಅದು ಕುದಿಯುವ ಶಾಖವೂ ಏರುತ್ತದೆ. 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಪಾಕದಲ್ಲಿ ನೂರಕ್ಕೆ ಹನ್ನೆರಡು ಹದಿಮೂರು ಪಾಲು ನೀರು ಉಳಿದಿರುತ್ತದೆ. ಆರಿದ ಮೇಲೆ ಅದು ಜಗಿಯುವಷ್ಟು ಮೆತ್ತಗೆ. 150ರ ಹತ್ತಿರ ಉಳಿಯುವುದು ಒಂದೇ ಪಾಲು. ಆರಿದರೆ ಗಾಜಿನಂತೆ ಮುರಿಯುತ್ತದೆ. ಮೊದಲಿನದು ಕ್ಯಾರಮೆಲ್‌ನ ಹದ, ಎರಡನೆಯದು ಚಿಕ್ಕಿಯ ಹದ. ಚಿಕ್ಕಿ ಹಲ್ಲಿಗೆ ಅಂಟಿತು ಎಂದರೆ ಪಾಕ ಒಣಗಲಿಲ್ಲ ಎಂದೇ ಅರ್ಥ.

ಈ ಹದವನ್ನು ನೋಡಲು ಯಂತ್ರವೇನೂ ಬೇಡ. ಬೋರ್ಡೋ ದ್ರಾವಣಕ್ಕೆ ಕತ್ತಿಯ ಅಲಗು ಅದ್ದಿ ನೋಡುವಂತೆ ಪಾಕಕ್ಕೂ ಒಂದು ಪರೀಕ್ಷೆ ಹಿಂದಿನಿಂದ ಇದೆ. ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡು ಒಂದು ಹನಿ ಪಾಕ ಬಿಡಬೇಕು. ಕರಗಿ ಹರಡಿದರೆ ಇನ್ನೂ ದೂರ. ಬೆರಳಲ್ಲಿ ಉರುಟಿದಾಗ ಉಂಡೆಯಾಗಿ ನಿಂತು, ಒತ್ತಿದರೆ ತಗ್ಗಿದರೆ ಅದು ಉಂಡೆಪಾಕ, ಕ್ಯಾರಮೆಲ್‌ಗೆ ಸಾಕು. ನೀರಿನಿಂದ ತೆಗೆದ ಪಾಕ ಬಗ್ಗದೆ ಟಕ್ಕೆಂದು ಮುರಿದರೆ, ಪಾತ್ರೆಯ ಅಂಚಿಗೆ ತಟ್ಟಿದಾಗ ಟಣ್ ಎಂದು ಸದ್ದು ಬಂದರೆ ಅದು ಗಟ್ಟಿಪಾಕ. ಚಿಕ್ಕಿಗೆ ಇದೇ ಬೇಕು. ಪರೀಕ್ಷಿಸುವಾಗ ಪಾತ್ರೆಯನ್ನು ಒಲೆಯಿಂದ ಇಳಿಸಿರಿ, ಇಲ್ಲವಾದರೆ ನೀವು ಹನಿ ಹಿಸುಕುತ್ತಿರುವಾಗಲೇ ಪಾಕ ಮುಂದೆ ಓಡಿರುತ್ತದೆ.

ಥರ್ಮಾಮೀಟರ್ ಇರುವವರು ಒಂದು ವಿಷಯ ನೆನಪಿಡಬೇಕು. ಪುಸ್ತಕಗಳಲ್ಲಿ ಕೊಡುವ ಡಿಗ್ರಿಗಳು ಸಮುದ್ರಮಟ್ಟದ ಲೆಕ್ಕ. ಸುಮಾರು 300 ಮೀಟರ್ ಎತ್ತರಕ್ಕೆ ಒಂದು ಡಿಗ್ರಿಯಂತೆ ನೀರು ಕುದಿಯುವ ಶಾಖ ಇಳಿಯುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ಪುಸ್ತಕದ 120ಕ್ಕೆ ಅಲ್ಲಿ 116, 150ಕ್ಕೆ 146 ಎಂದು ಹಿಡಿಯತಕ್ಕದ್ದು. ಮಂಗಳೂರಿನ ಬಂಧುಗಳು ಬರೆದುಕೊಟ್ಟ ಕ್ರಮದಂತೆ ಮಾಡಿಯೂ ಘಟ್ಟದ ಮೇಲೆ ಮಿಠಾಯಿ ಕಲ್ಲಾಗುವುದಕ್ಕೆ ಇದೊಂದು ಕಾರಣ. ನಿಮ್ಮ ಮನೆಯಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆಂದು ಮೊದಲು ನೋಡಿ, ನೂರಕ್ಕೆ ಎಷ್ಟು ಕಡಿಮೆಯೋ ಅಷ್ಟನ್ನು ಕಳೆದುಕೊಂಡರೆ ಸರಿ.

ಇನ್ನು ಬೀಜದ ವಿಚಾರ. ನೆಲಗಡಲೆಯನ್ನು ಅಂಗಡಿಯಿಂದ ತಂದ ಹಾಗೇ ಹುರಿಯಬೇಡಿ. ಕಾಫಿಯಲ್ಲಿ ಕಪ್ಪು ಬೀಜ ಆರಿಸುವಂತೆ ತಟ್ಟೆಯಲ್ಲಿ ಹರಡಿ ಒಂದೊಂದಾಗಿ ನೋಡಬೇಕು. ಸುಕ್ಕಿದ್ದು, ಬಣ್ಣಗೆಟ್ಟದ್ದು, ಹಸಿರು ಅಥವಾ ಬೂದು ಬೂಷ್ಟು ಹಿಡಿದದ್ದು, ಕಹಿಯಾದದ್ದು ಎಲ್ಲವನ್ನೂ ಎಸೆಯಬೇಕು. ಇದು ರುಚಿಯ ಮಾತು ಮಾತ್ರವಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಸಾವಿರ ಸಾವಿರವಾಗಿ ಸತ್ತವು. ಬೂಷ್ಟು ಹಿಡಿದ ನೆಲಗಡಲೆ ಹಿಂಡಿಯೇ ಕಾರಣವೆಂದು ತಿಳಿಯಿತು. ಆ ಬೂಷ್ಟು ಉಂಟುಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಕೇಡು, ಕ್ಯಾನ್ಸರಿಗೂ ಕಾರಣ. ಹುರಿದರೆ ಬೂಷ್ಟು ಸಾಯಬಹುದು, ವಿಷ ಪೂರ್ತಿ ಹೋಗುವುದಿಲ್ಲ. ಪಾಕದ ಸಿಹಿಯಲ್ಲಿ ಕಹಿ ಮಾತ್ರ ಮುಚ್ಚಿಹೋಗುತ್ತದೆ. ಮಕ್ಕಳು ತಿನ್ನುವ ವಸ್ತುವಿನಲ್ಲಿ ಒಂದು ಹಿಡಿ ಕಡಲೆಯ ಆಸೆಗೆ ಬೀಳಬಾರದು. ಹಾಕಿದ ದನಕ್ಕೂ ಅದು ಒಳ್ಳೆಯದಲ್ಲ, ಗೊಬ್ಬರದ ಗುಂಡಿಗೆ ಹೋಗಲಿ. ಗೇರುಬೀಜದಲ್ಲಿ ಹುಳು ಮತ್ತು ಕಮಟು ವಾಸನೆ ನೋಡಿಕೊಂಡರೆ ಸಾಕು. ಮಿಠಾಯಿಗೆ ತುಂಡು ಗೇರುಬೀಜವೇ ಸಾಕು, ಬೆಲೆ ಇಳಿಯುತ್ತದೆ, ಇಡಿ ಬೀಜದ ಶೋಕಿ ಬೇಡ. (ಬೀಜವೆಂದ ಮೇಲೆ ನಮ್ಮ ಅಡಿಕೆಯನ್ನೇಕೆ ಬಿಟ್ಟಿರಿ ಎಂದು ತಮಾಷೆಗಾದರೂ ಕೇಳುವವರಿದ್ದಾರೆ. ಮಕ್ಕಳ ಕೈಗೆ ಹೋಗುವ ಸಿಹಿಯಲ್ಲಿ ಅಡಿಕೆ ಬೇಡ, ತಮಾಷೆಗೂ ಬೇಡ.)

ಬೆಲ್ಲ ಆರಿಸುವುದು ಇನ್ನೂ ಸೂಕ್ಷ್ಮ. ಹಳದಿಯಾಗಿ ಹೊಳೆಯುವ ಬೆಲ್ಲ ಕಣ್ಣಿಗೆ ಚೆಂದ. ಅನೇಕ ಸಲ ಆ ಬಣ್ಣ ಗಾಣದಲ್ಲಿ ಹಾಕಿದ ಹೈಡ್ರೋಸಿನದು. ಕಂದು ಬಣ್ಣದ, ಗಟ್ಟಿಯಾದ, ಮುರಿದರೆ ಹರಳು ಕಾಣುವ ಅಚ್ಚುಬೆಲ್ಲ ಉತ್ತಮ. ಜೋನಿಬೆಲ್ಲ ದೋಸೆಗೆ ಎಷ್ಟು ರುಚಿಯೋ ಚಿಕ್ಕಿಗೆ ಅಷ್ಟೇ ಅಯೋಗ್ಯ. ಅದರಲ್ಲಿ ನೀರೂ ಹೆಚ್ಚು, ಹರಳುಗಟ್ಟದ ಸಕ್ಕರೆಯ ಪಾಲೂ ಹೆಚ್ಚು. ಈ ಹರಳುಗಟ್ಟದ ಸಕ್ಕರೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆ.

ಈಗ ಚಿಕ್ಕಿ. ಆರಿಸಿದ ನೆಲಗಡಲೆ 250 ಗ್ರಾಂ, ಬೆಲ್ಲ 200 ಗ್ರಾಂ, ನೀರು ಎರಡು ದೊಡ್ಡ ಚಮಚ, ತುಪ್ಪ ಒಂದು ಚಮಚ, ಅಡಿಗೆ ಸೋಡ ಒಂದು ಚಿಟಿಕೆ. ಕಡಲೆಯನ್ನು ಸಣ್ಣ ಉರಿಯಲ್ಲಿ, ಒಳಗಿನ ಬೇಳೆ ತಿಳಿಕಂದು ಬಣ್ಣಕ್ಕೆ ಬರುವವರೆಗೆ ಹುರಿದು, ಸಿಪ್ಪೆ ತಿಕ್ಕಿ, ಮೊರದಲ್ಲಿ ಕೇರಿ, ಎರಡು ಹೋಳು ಮಾಡಿಟ್ಟುಕೊಳ್ಳಿ. ಮಣೆ, ಲಟ್ಟಣಿಗೆ, ಚೂರಿಗಳಿಗೆ ತುಪ್ಪ ಸವರಿ ಕೈಗೆ ಸಿಗುವಲ್ಲಿ ಇಡಿ. ಪಾಕ ಹದಕ್ಕೆ ಬಂದ ಮೇಲೆ ಮಣೆ ಹುಡುಕಲು ಪುರುಸೊತ್ತು ಇರುವುದಿಲ್ಲ. ಬೆಲ್ಲ ಕರಗಿದೊಡನೆ ಸೋಸಿ ಮರಳು ಕಸ ತೆಗೆದು, ದಪ್ಪ ತಳದ ಬಾಣಲೆಯಲ್ಲಿ ನಡು ಉರಿಗೆ ಇಡಿ. ಮೊದಲು ದೊಡ್ಡ ಗುಳ್ಳೆ, ನಂತರ ನೊರೆ, ಕೊನೆಗೆ ಸಣ್ಣ ಗುಳ್ಳೆಗಳಾಗಿ ಬಣ್ಣ ಕಪ್ಪಾಗುತ್ತದೆ. ಗಟ್ಟಿಪಾಕ ಬಂದೊಡನೆ ಉರಿ ಆರಿಸಿ ತುಪ್ಪ, ಸೋಡ ಹಾಕಿ. ಬೆಲ್ಲದ ಹುಳಿಗೆ ಸೋಡ ತಗುಲಿ ಪಾಕ ಉಬ್ಬುತ್ತದೆ. ಆ ಗಾಳಿಗುಳ್ಳೆಗಳೇ ಚಿಕ್ಕಿಯನ್ನು ಹಗುರ ಮಾಡುವುದು. ಕೂಡಲೇ ಕಡಲೆ ಸುರಿದು ಕಲಸಿ, ಮಣೆಯ ಮೇಲೆ ಹಾಕಿ ಲಟ್ಟಿಸಿ, ಬಿಸಿ ಇರುವಾಗಲೇ ಗೆರೆ ಕೊಯ್ಯಿರಿ. ಎರಡು ಮೂರು ನಿಮಿಷದ ಕೆಲಸ. ತಡವಾದರೆ ಚೂರಿ ಓಡುವುದಿಲ್ಲ. ಕಡಲೆ ಬೆಚ್ಚಗಿದ್ದರೆ ಪಾಕ ಸ್ವಲ್ಪ ಹೊತ್ತು ಹೆಚ್ಚು ತಡೆಯುತ್ತದೆ.

ಇಷ್ಟು ಸರಳ ವಸ್ತು ಉಡುಗೊರೆಗೆ ಯೋಗ್ಯವೇ ಎಂದು ಹಿಂಜರಿಯುವವರಿಗೆ ಒಂದು ಮಾತು. ತಮಿಳುನಾಡಿನ ಕೋವಿಲ್‌ಪಟ್ಟಿಯ ಕಡಲೆ ಮಿಠಾಯಿಗೆ 2020ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನಮ್ಮ ಕೊಡಗು ಅರೇಬಿಕಾಕ್ಕೂ ಶಿರಸಿ ಅಡಿಕೆಗೂ 2019ರಲ್ಲಿ ಸಿಕ್ಕಿದ ಮಾನ್ಯತೆಯೇ ಅದು. ಕೋವಿಲ್‌ಪಟ್ಟಿಯಲ್ಲೂ ಮುಖ್ಯವಾಗಿ ಇರುವುದು ನೆಲಗಡಲೆ ಮತ್ತು ಬೆಲ್ಲವೇ.

ಕ್ಯಾರಮೆಲ್ ಎಂದರೆ ಸುಟ್ಟ ಸಕ್ಕರೆ. ಇದು ಕಾಫಿ ಬೆಳೆಗಾರನಿಗೆ ಹೊಸದಲ್ಲ. ಹಸಿ ಕಾಫಿ ಬೀಜ ಹುರಿಯುವಾಗ ಹಸಿರು ಹೋಗಿ ಹಳದಿ, ಹಳದಿ ಹೋಗಿ ಕಂದು ಬರುವುದರಲ್ಲಿ ಬೀಜದೊಳಗಿನ ಸಕ್ಕರೆಯ ಪಾತ್ರ ದೊಡ್ಡದು. ಸಕ್ಕರೆ ತಾನಾಗಿ 160 ಡಿಗ್ರಿ ದಾಟಿದ ಮೇಲೆ ಕಂದಾಗುವುದು ಒಂದು ಬಗೆ. ಸಕ್ಕರೆಯೂ ಪ್ರೋಟೀನಿನ ಅಂಶವೂ ಕೂಡಿ ಕಂದಾಗುವುದು ಇನ್ನೊಂದು ಬಗೆ. ಈ ಎರಡನೆಯದನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ಕಮಿಯ್ ಮಯ್ಯಾರ್. ಹಾಲು ಕೆನೆ ಸೇರಿದ ಕ್ಯಾರಮೆಲ್‌ನಲ್ಲಿ ಎರಡೂ ನಡೆಯುತ್ತವೆ. ಹುರಿದ ಕಾಫಿಯಲ್ಲೂ ಅಷ್ಟೇ. ಅದಕ್ಕೇ ಒಂದರ ರುಚಿ ಇನ್ನೊಂದಕ್ಕೆ ಅಷ್ಟು ಚೆನ್ನಾಗಿ ಹೊಂದುವುದು.

ಸಕ್ಕರೆ 200 ಗ್ರಾಂ, ಕೆನೆ 200 ಮಿಲಿಲೀಟರ್, ಬೆಣ್ಣೆ 50 ಗ್ರಾಂ, ಗಟ್ಟಿ ಡಿಕಾಕ್ಷನ್ ಮೂರು ದೊಡ್ಡ ಚಮಚ, ಹುರಿದ ತುಂಡು ಗೇರುಬೀಜ 100 ಗ್ರಾಂ, ಉಪ್ಪು ಒಂದು ಚಿಟಿಕೆ. ಕೆನೆ ಅಂದಿನದೇ ಇರಬೇಕು. ಬೆಣ್ಣೆಗಾಗಿ ನಾಲ್ಕು ದಿನ ಕೂಡಿಟ್ಟ ಹುಳಿ ಕೆನೆ ಹಾಕಿದರೆ ಒಡೆದುಹೋಗುತ್ತದೆ. ಸಕ್ಕರೆಯನ್ನು ನಾಲ್ಕು ಚಮಚ ನೀರು, ಐದಾರು ಹನಿ ನಿಂಬೆರಸ ಹಾಕಿ ಕರಗಿಸಿ. ಕರಗಿದ ಮೇಲೆ ಸೌಟು ಆಡಿಸಕೂಡದು. ಪಾತ್ರೆಯ ಪಕ್ಕಕ್ಕೆ ಅಂಟಿದ ಒಂದು ಹರಳು ಒಳಗೆ ಬಿದ್ದರೆ ಸಾಕು, ಹೆಪ್ಪಿಗೆ ಒಂದು ಹನಿ ಮಜ್ಜಿಗೆ ಬಿದ್ದಂತೆ ಇಡೀ ಪಾಕ ಮರಳುಮರಳಾಗುತ್ತದೆ. ನಿಂಬೆಯ ಹುಳಿ ಸ್ವಲ್ಪ ಸಕ್ಕರೆಯನ್ನು ಒಡೆದು ಹರಳುಗಟ್ಟದಂತೆ ತಡೆಯುತ್ತದೆ. ಪಕ್ಕಗಳನ್ನು ಒದ್ದೆ ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸುತ್ತಿರಿ. ಸಕ್ಕರೆ ಜೇನಿನ ಬಣ್ಣಕ್ಕೆ ಬಂದಾಗ ಇಳಿಸಿ, ಬಿಸಿ ಮಾಡಿದ ಕೆನೆ ಮತ್ತು ಡಿಕಾಕ್ಷನನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಭುಗಿಲ್ಲೆಂದು ಉಕ್ಕುತ್ತದೆ, ಪಾತ್ರೆ ಪಾಕದ ನಾಲ್ಕು ಪಟ್ಟು ದೊಡ್ಡದಿರಲಿ, ಮುಖ ಹಿಂದಿರಲಿ. ಬೆಣ್ಣೆ, ಉಪ್ಪು ಹಾಕಿ ಮತ್ತೆ ಒಲೆಗಿಟ್ಟು ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತ ಉಂಡೆಪಾಕಕ್ಕೆ ತಂದು, ಗೇರುಬೀಜ ಬೆರೆಸಿ ತುಪ್ಪ ಸವರಿದ ತಟ್ಟೆಗೆ ಸುರಿಯಿರಿ. ಪೂರ್ತಿ ಆರಿದ ಮೇಲೆ ಕೊಯ್ದು ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತತಕ್ಕದ್ದು. ಇಲ್ಲಿ ಬೆಲ್ಲ ಹಾಕಲು ಹೋಗಬೇಡಿ. ಅದರ ಹುಳಿಗೆ ಕೆನೆ ಒಡೆಯುವ ಭಯವಿದೆ.

ಬಿಸಿ ಪಾಕ ಕುದಿನೀರಿಗಿಂತ ಅಪಾಯಕಾರಿ. ಶಾಖ ಹೆಚ್ಚು, ಮೇಲಾಗಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಹಬ್ಬದ ಸಡಗರದಲ್ಲಿ ಮಕ್ಕಳು ಒಲೆಯ ಸುತ್ತ ನೆರೆಯುವುದು ಸಹಜ. ಪಾಕದ ಹೊತ್ತಿಗೆ ಅವರನ್ನು ಹೊರಗೆ ಕಳಿಸಿರಿ, ಬೀಜ ಆರಿಸುವ ಕೆಲಸ ಕೊಡಿ. ಮೈಮೇಲೆ ಬಿದ್ದರೆ ಕೂಡಲೇ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಏನೂ ಹಚ್ಚಬಾರದು, ಅಂಟಿದ್ದನ್ನು ಕೀಳಬಾರದು. ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸುವುದು.

ನಮ್ಮ ಕಡೆ ಮಿಠಾಯಿ ಕೆಡಿಸುವುದು ಒಲೆಯಲ್ಲ, ಹವೆ. ದೀಪಾವಳಿಯ ಹೊತ್ತಿಗೆ ಮಳೆ ಹಿಂದೆ ಸರಿದರೂ ಥಂಡಿ ಹೋಗಿರುವುದಿಲ್ಲ. ಒಣಗಿದ ಪಾಕ ಗಾಳಿಯ ತೇವವನ್ನು ಗಬಗಬನೆ ಕುಡಿಯುತ್ತದೆ. ಬೆಳಿಗ್ಗೆ ಗರಿಗರಿಯಾದ ಚಿಕ್ಕಿ ತೆರೆದ ತಟ್ಟೆಯಲ್ಲಿ ಸಂಜೆಗೆ ಅಂಟುತ್ತದೆ. ಬಿಸಿಲಿರುವ ದಿನ, ಮಧ್ಯಾಹ್ನ ಮಾಡಿರಿ. ಆರಿದ ಕೂಡಲೇ ಬಾಯಿ ಭದ್ರವಾದ ಡಬ್ಬಿಗೆ ಸೇರಿಸಿ, ಪದರಕ್ಕೊಂದು ಕಾಗದ ಇಡಿ. ಬೆಚ್ಚಗಿರುವಾಗ ಮುಚ್ಚಿದರೆ ಒಳಗೇ ಬೆವರುತ್ತದೆ. ಫ್ರಿಜ್ಜಿನಲ್ಲಿಡುವುದೂ ಬೇಡ, ಹೊರತೆಗೆದಾಗ ಅದೇ ಬೆವರು. ಹೀಗಿಟ್ಟ ಚಿಕ್ಕಿ ಮೂರು ವಾರ ಧಾರಾಳವಾಗಿ ಬರುತ್ತದೆ. ಕೆನೆ ಇರುವ ಕ್ಯಾರಮೆಲ್ ಹತ್ತು ದಿನದೊಳಗೆ ಮುಗಿಸುವುದು ಮೇಲು. ಚಿಕ್ಕಿಯನ್ನೂ ಕ್ಯಾರಮೆಲನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ, ಮೆತ್ತಗಿನದರ ತೇವ ಗರಿಯಾದದ್ದಕ್ಕೆ ಹೋಗುತ್ತದೆ.

ಡಬ್ಬಿಯ ಮೇಲೆ ಮಾಡಿದ ತಾರೀಖು ಮತ್ತು ಒಳಗಿನ ಬೀಜದ ಹೆಸರು ಬರೆದ ಚೀಟಿ ಅಂಟಿಸಿರಿ. ನೆಲಗಡಲೆ, ಗೇರುಬೀಜ ಒಗ್ಗದವರು ಇದ್ದಾರೆ, ಕೆಲವರಿಗೆ ಅದು ಪ್ರಾಣಕ್ಕೇ ಬರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿ ಬೀಜದ ಮಿಠಾಯಿ ಗಂಟಲಲ್ಲಿ ಸಿಕ್ಕುವ ಅಪಾಯವಿರುವುದರಿಂದ ಅಂಥ ಮನೆಗೆ ಬೀಜ ಪುಡಿಮಾಡಿ ಹಾಕಿದ ಮೆತ್ತನೆಯ ಕ್ಯಾರಮೆಲನ್ನು ಸಣ್ಣ ತುಂಡು ಮಾಡಿ ಕಳಿಸುವುದು. ಕಟ್ಟುಹಲ್ಲಿನ ಹಿರಿಯರಿಗೆ ಮಾತ್ರ ಕ್ಯಾರಮೆಲ್ ಬೇಡವೇ ಬೇಡ. ಹಲ್ಲು ಮಿಠಾಯಿಯ ಸಂಗಡವೇ ಎದ್ದುಬರುತ್ತದೆ.

ಮನೆಗೆ, ಉಡುಗೊರೆಗೆ ಮಾಡಿದರೆ ಇಷ್ಟು ಸಾಕು. ಚೆನ್ನಾಗಿ ಬಂತೆಂದು ಮಾರಾಟಕ್ಕೆ ಇಳಿಯುವುದಾದರೆ 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಬೇಕಾಗುತ್ತದೆ. ಎಷ್ಟೇ ಸಣ್ಣ ಪ್ರಮಾಣದ ಮಾರಾಟವಾದರೂ ಈ ವಿಷಯವನ್ನು ಮೊದಲು ವಿಚಾರಿಸಿಕೊಂಡೇ ಮುಂದುವರಿಯತಕ್ಕದ್ದು.