ವಾಡಿಕೆಯ ಮಳೆ, ಮಕ್ಕಳ ಲೆಕ್ಕ

2024ರ ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಭಾನುವಾರ, ಬಲಿಪೂಜೆಯ ನಂತರ ನಾವು ಧರ್ಮೋಪದೇಶ ತರಗತಿಯ ಮಕ್ಕಳೊಡನೆ ಕುಳಿತಿದ್ದೆವು. ಹಿಂದಿನ ವರ್ಷ ಇದೇ ಮಕ್ಕಳಿಗೆ ಹವಾಮಾನ ಬದಲಾವಣೆಯ ಕುರಿತು ಬಹು ಗಂಭೀರವಾಗಿ ಬೋಧಿಸಿದ್ದೆವು. 2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಒಣಗಿ ನಿಂತ ಹೆಸರಿನ ಹೊಲಗಳನ್ನು ತೋರಿಸಿ, ಬದಲಾವಣೆಯೆಂದರೆ ಇದೇ ಎಂದಿದ್ದೆವು. ಈಗ ಮುಂಡರಗಿ ಕಡೆಯ ಒಕ್ಕಲು ಮನೆತನದ ಬಾಲಕಿಯೊಬ್ಬಳು ಎದ್ದು ನಿಂತು, "ಫಾದರ್, ಈ ವರ್ಷ ಮಳೆ ಚೆನ್ನಾಗಿ ಆಯಿತಲ್ಲ, ಹಾಗಾದರೆ ಹವಾಮಾನ ಮತ್ತೆ ಸರಿಹೋಯಿತೇ?" ಎಂದು ಕೇಳಿದಳು. ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಒಂದು ವರ್ಷದ ಬರವನ್ನು ಸಾಕ್ಷಿಯಾಗಿ ನಿಲ್ಲಿಸಿದವರು ನಾವೇ. ಮರುವರ್ಷದ ಮಳೆಯನ್ನು ಅವಳು ಎದುರುಸಾಕ್ಷಿಯಾಗಿ ತಂದು ನಿಲ್ಲಿಸಿದ್ದಳು.

ಗೊಂದಲಕ್ಕೆ ನಮ್ಮ ಮಾತೂ ಒಂದು ಕಾರಣ. ಶಾಲೆಯ ಪುಸ್ತಕದಲ್ಲಿ ಹವಾಮಾನ ಬೇರೆ, ವಾಯುಗುಣ ಬೇರೆ. ಇಂದಿನ ಬಿಸಿಲು, ನಾಳೆಯ ಮೋಡ ಹವಾಮಾನ. ಅನೇಕ ವರ್ಷಗಳ, ರೂಢಿಯಂತೆ 30 ವರ್ಷಗಳ, ಸರಾಸರಿಯಿಂದ ತಿಳಿಯುವುದು ವಾಯುಗುಣ. ಪತ್ರಿಕೆಗಳೂ ಆಕಾಶವಾಣಿಯೂ ವಾಯುಗುಣದ ಬದಲಾವಣೆಯನ್ನೇ ಹವಾಮಾನ ಬದಲಾವಣೆ ಎಂದು ಕರೆದು ರೂಢಿಗೆ ತಂದಿವೆ. ಹವಾಮಾನವಾದರೋ ದಿನ ಬೆಳಗಾದರೆ ಬದಲಾಗುತ್ತದೆ. ಮಕ್ಕಳು ತಬ್ಬಿಬ್ಬಾಗದೆ ಇನ್ನೇನಾದಾರು?

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ 'ಮೆಟಾಫಿಸಿಕ್ಸ್' ಗ್ರಂಥದಲ್ಲಿ ಒಂದು ಉದಾಹರಣೆ ಕಂಡಿದ್ದೆವು. ಕಡುಬೇಸಿಗೆಯಲ್ಲಿ ಚಳಿ ಬಿದ್ದರೆ ಅದನ್ನು ಆಕಸ್ಮಿಕವೆನ್ನುತ್ತೇವೆ; ಸೆಖೆಯಾದರೆ ಹಾಗೆನ್ನುವುದಿಲ್ಲ, ಏಕೆಂದರೆ ಆ ಕಾಲದಲ್ಲಿ ಸೆಖೆ ಬಹುಮಟ್ಟಿಗೆ ಆಗಿಯೇ ಆಗುತ್ತದೆ. ಪರೀಕ್ಷೆಗೆಂದು ಕಂಠಪಾಠ ಮಾಡಿದ್ದ ಈ ಮಾತು ಇಷ್ಟು ವರ್ಷಗಳ ಮೇಲೆ ಉಪಯೋಗಕ್ಕೆ ಬಂದಿತು. ಆ 'ಬಹುಮಟ್ಟಿಗೆ' ಎಂಬುದೇ ವಾಯುಗುಣ. ನಮ್ಮ ರೈತರ ಬಾಯಲ್ಲಿ ಅದು ವಾಡಿಕೆಯ ಮಳೆ. ಬರಗಾಲ ಬರುವುದು ಹೋಗುವುದು ಹಳೆಯ ಸಂಗತಿ. ವಾಡಿಕೆಯೇ ಸರಿದುಹೋಗುತ್ತಿದೆಯೇ ಎಂಬುದು ಹೊಸ ಪ್ರಶ್ನೆ.

ಹಳೆಯ ಸಂಗತಿಗೆ ನಮ್ಮ ಸೀಮೆಯಲ್ಲಿ ಸಾಕ್ಷಿಗಳಿಗೆ ಕೊರತೆಯಿಲ್ಲ. ಸಹ್ಯಾದ್ರಿಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಮಳೆ, ಘಟ್ಟದ ಮರೆಯಲ್ಲಿರುವ ಗದಗಿಗೆ ಬರುವಷ್ಟರಲ್ಲಿ ಸುಮಾರು 600 ಮಿ.ಮೀ.ಗೆ ಇಳಿದಿರುತ್ತದೆ. ಡಂಬಳದಲ್ಲೂ ಮಾಗಡಿಯಲ್ಲೂ ಹಿರಿಯರು ಕೆರೆ ಕಟ್ಟಿದ್ದು ಈ ಕೊರತೆಯನ್ನು ಅರಿತೇ. ಶಿರಹಟ್ಟಿ, ಲಕ್ಷ್ಮೇಶ್ವರದ ಮಕ್ಕಳು ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ಹೋಗುವ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಗಳ ಜೊತೆಗೆ ಕೆರೆಯ ಏರಿಯನ್ನೂ ಅವರಿಗೆ ತೋರಿಸುವುದು ಒಳ್ಳೆಯದು.

ಬರಗಳ ನೆನಪೂ ಉಂಟು. 1791-92ರ ಡೋಗಿ ಬರದಲ್ಲಿ ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಅದಕ್ಕೆ ಆ ಹೆಸರು. 1876-78ರ ಬರದ ನಂತರ ನಡೆದ 1881ರ ಜನಗಣತಿಯಲ್ಲಿ, ಅಂದು ಗದಗು ಸೇರಿದ್ದ ಧಾರವಾಡ ಜಿಲ್ಲೆಯ ಜನಸಂಖ್ಯೆ 1872ಕ್ಕಿಂತ ಕುಗ್ಗಿತ್ತು. ಪೆಸಿಫಿಕ್ ಸಾಗರದ ನೀರು ವಾಡಿಕೆ ಮೀರಿ ಬೆಚ್ಚಗಾಗುವ ಎಲ್ ನಿನೊ 1877ರಲ್ಲೂ ಇತ್ತು, 2023ರಲ್ಲೂ ಇತ್ತು. ಕೆಲವು ವರ್ಷಗಳಿಗೊಮ್ಮೆ ಅದು ಬರುತ್ತದೆ, ಹೋಗುತ್ತದೆ.

ಹೋಗದೆ ಶೇಖರವಾಗುತ್ತಿರುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್. ಯಂತ್ರಯುಗಕ್ಕೆ ಮುನ್ನ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗವಿದ್ದದ್ದು, ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಆರಂಭವಾದ 1958ರಲ್ಲಿ ಸುಮಾರು 315 ಆಗಿತ್ತು. ಈಗ 420 ದಾಟಿದೆ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ಬಹಳ ಹಿಡಿದಿಟ್ಟು ಒಮ್ಮೆಲೇ ಸುರಿಯುವ ಮಳೆ ಹೆಚ್ಚುತ್ತದೆ. ವರ್ಷದ ಮೊತ್ತ ಅಷ್ಟೇ ಉಳಿದರೂ ಮಳೆಯ ದಿನಗಳು ಕಡಿಮೆಯಾಗಿ, ನಡುವಿನ ಬಿಡುವು ಹಿಗ್ಗಬಹುದು. ಎರೆಭೂಮಿ ಆ ಬಿಡುವನ್ನು ಸ್ವಲ್ಪ ತಡೆದುಕೊಂಡೀತು. ಮಸಾರಿ ಭೂಮಿಯ ಶೇಂಗಾ ತಡೆಯದು.

ಇದನ್ನು ಭಾಷಣದಿಂದ ಕಲಿಸಲಾಗದೆಂದು ತೋರಿ, ಬೋಳು ಅಂಗಳದಲ್ಲಿ ಒಂದು ಮಳೆಮಾಪಕ ನಿಲ್ಲಿಸಿದೆವು. ಬೆಳಿಗ್ಗೆ 8.30ಕ್ಕೆ ಹವಾಮಾನ ಇಲಾಖೆಯವರಂತೆಯೇ ಓದುವುದು, ಬರೆಯುವುದು. (ಭಾನುವಾರ ಅದು ಪ್ರಬೋಧನೆಯ ಹೊತ್ತು, ಅಳೆಯುವ ಪಾಳಿಗೆ ಅಂದು ಹುಡುಗರ ಪೈಪೋಟಿ ಏಕೋ ಹೆಚ್ಚು.) 2.5 ಮಿ.ಮೀ. ಆದರೆ ಮಾತ್ರ ಮಳೆಯ ದಿನ. ಎರಡು ಮಳೆಯ ನಡುವೆ ಎಷ್ಟು ದಿನ ಕಳೆಯಿತೆಂದು ಬೇರೆ ಕಲಮಿನಲ್ಲಿ ಬರೆಯುತ್ತಾರೆ. ಅಜ್ಜ ಅಜ್ಜಿಯರನ್ನು ಕೇಳಿ ರೋಹಿಣಿಯೋ ಮೃಗಶಿರವೋ ಎಂದು ಮಳೆಯ ನಕ್ಷತ್ರವನ್ನೂ ಸೇರಿಸುತ್ತಾರೆ. ಬಟಾಣಿ ಗಿಡಗಳಿಂದ ಲೋಕಪ್ರಸಿದ್ಧರಾದ ಮಠವಾಸಿ ಗ್ರೆಗರ್ ಮೆಂಡೆಲ್‌ರು ಬ್ರನೋ ನಗರದಲ್ಲಿ ಜೀವಮಾನದ ಕೊನೆಯವರೆಗೂ ಹವಾಮಾನದ ಲೆಕ್ಕ ಬರೆದರೆಂಬುದನ್ನು ಮಕ್ಕಳಿಗೆ ಹೇಳಿದಾಗ, ನಮ್ಮ ಹಟ ಅವರಿಗೆ ಅಷ್ಟು ವಿಚಿತ್ರವೆನಿಸಲಿಲ್ಲ.

ವಾಯುಗುಣದ ಮಾತಾಡಲು 30 ವರ್ಷದ ಲೆಕ್ಕ ಬೇಕೆಂದಾಗ ಅದೇ ಬಾಲಕಿ, "ಅಲ್ಲಿಯವರೆಗೆ ನಮ್ಮಪ್ಪ ಹೆಸರು ಯಾವಾಗ ಬಿತ್ತಬೇಕು?" ಎಂದಳು. ಗದಗಿನ ಹವಾಮಾನ ವೀಕ್ಷಣಾಲಯದ ಹಳೆಯ ಅಂಕಿಗಳಿವೆ, ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯದ ಸ್ವಯಂಚಾಲಿತ ಮಳೆಮಾಪಕಗಳಿವೆ; ಅವುಗಳ ಲೆಕ್ಕವನ್ನು ತಂದು ಮಕ್ಕಳ ಮುಂದೆ ಹರಡುವ ಕೆಲಸ ಈಗ ನಮ್ಮ ಪಾಲಿಗೆ ಬಿದ್ದಿದೆ. ಅವಳ ತಂದೆಯೂ ಬರುತ್ತೇನೆಂದಿದ್ದಾರೆ.

ಮಕ್ಕಳ ಮಳೆಪುಸ್ತಕವನ್ನು ಜ್ಞಾನಸ್ನಾನದ ದಾಖಲೆಗಳಿರುವ ಕಪಾಟಿನಲ್ಲಿಯೇ ಇರಿಸಿದ್ದೇವೆ. ನಮಗೆ ವರ್ಗವಾದರೂ ಆ ಕಪಾಟಿನಿಂದ ಪುಸ್ತಕಗಳು ಕದಲುವುದಿಲ್ಲ.